ಊರ ಬಾನುಲಿಗೆ ಎಷ್ಟು ವ್ಯಾಟ್?

ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಯುವಕನೊಬ್ಬ ಐವತ್ತು ರೂಪಾಯಿ ಆಸುಪಾಸಿನ ಬಿಡಿಭಾಗಗಳಲ್ಲಿ ಒಂದು ಟ್ರಾನ್ಸ್‌ಮಿಟರ್ ಜೋಡಿಸಿದ. ಅಂಗಡಿ ಪಕ್ಕದ ಮೂರಂತಸ್ತಿನ ಆಸ್ಪತ್ರೆಯ ತಾರಸಿ ಮೇಲೆ ಉದ್ದನೆಯ ಬಿದಿರು ನಿಲ್ಲಿಸಿ ಆಂಟೆನಾ ಬಿಗಿದ. ‘ರಾಘವ್ ಎಫ್‌ಎಂ ಮನ್ಸೂರ್‌ಪುರ್ 1’ ಎಂಬ ಹೆಸರಿನಲ್ಲಿ 2003ರಿಂದ ಹಾಡು, ಊರಿನ ಪ್ರಕಟಣೆ, ಪೋಲಿಯೊ ಬಗ್ಗೆ ತಿಳಿವಳಿಕೆ, ಕಾಣೆಯಾದ ಮಕ್ಕಳ ವಿವರ ಎಲ್ಲವೂ ಸುತ್ತಲಿನ ಹಳ್ಳಿಗಳನ್ನು ಮುಟ್ಟತೊಡಗಿದವು. 2006ರ ಫೆಬ್ರುವರಿಯಲ್ಲಿ ಬಿಬಿಸಿ ಈ ಕೇಂದ್ರದ ಬಗ್ಗೆ ವರದಿ ಮಾಡಿತು. ಮರುತಿಂಗಳೇ ಅಧಿಕಾರಿಗಳು ಬಂದು ಬಾಗಿಲು ಹಾಕಿಸಿದರು. ಪರವಾನಗಿ ಇರಲಿಲ್ಲ. ಪರವಾನಗಿ ಅಂತೊಂದು ಬೇಕು ಎಂಬುದೇ ಆ ಹುಡುಗನಿಗೆ ಗೊತ್ತಿರಲಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಮುದಾಯ ಬಾನುಲಿಯ ಹೊಸ ನೀತಿ ತಂದು, ಶಿಕ್ಷಣ ಸಂಸ್ಥೆಗಳಿಗಷ್ಟೇ ಇದ್ದ ಅವಕಾಶವನ್ನು ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ವಿಸ್ತರಿಸಿತು. ಎಂಟು ತಿಂಗಳು ಮೊದಲೇ ಬಂದಿದ್ದರೂ ಮನ್ಸೂರ್‌ಪುರದ ಹುಡುಗನಿಗೆ ಅದು ಒದಗುತ್ತಿರಲಿಲ್ಲ. ನೀತಿಯ ಪ್ರಕಾರ ಅರ್ಜಿ ಹಾಕಬೇಕಾದದ್ದು ಸಂಸ್ಥೆ. ಒಬ್ಬಂಟಿ ವ್ಯಕ್ತಿಗೆ ಅಲ್ಲಿ ಜಾಗವಿಲ್ಲ.

ಆ ಮುಚ್ಚುಗಡೆಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಹಾಗೆಂದು ಯಾರು ಬೇಕಾದರೂ, ಎಷ್ಟು ಶಕ್ತಿಯಲ್ಲಿ ಬೇಕಾದರೂ ಪ್ರಸಾರ ಮಾಡಲಿ ಎನ್ನುವವನೂ ನಾನಲ್ಲ. ಪರವಾನಗಿ ಇಲ್ಲದ ಕೇಂದ್ರ ಒಂದು ಪ್ರಶ್ನೆ, ಮಿತಿ ಮೀರಿದ ಶಕ್ತಿಯ ಕೇಂದ್ರ ಬೇರೆಯೇ ಪ್ರಶ್ನೆ. ಸರ್ಕಾರಗಳು ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ‘ಅಕ್ರಮ ರೇಡಿಯೊ’ ಎಂಬ ಹಣೆಪಟ್ಟಿ ಹಚ್ಚುತ್ತವೆ. ಬಿಡಿಸಿ ನೋಡಿದರೆ, ಪರವಾನಗಿ ಕೊಡುವುದರಲ್ಲಿ ಸರ್ಕಾರ ಧಾರಾಳವಾಗಿಯೂ ವ್ಯಾಟ್ ಅಳೆಯುವುದರಲ್ಲಿ ಕಟ್ಟುನಿಟ್ಟಾಗಿಯೂ ಇರಬೇಕು ಅನ್ನಿಸುತ್ತದೆ. ನಮ್ಮಲ್ಲಿ ಬಹುಕಾಲ ನಡೆದದ್ದು ಇದರ ತಿರುಗುಮುರುಗು.

ಪ್ರಸಾರದ ಮೇಲೆ ಸರ್ಕಾರದ ಹಿಡಿತ ಎಷ್ಟು ಹಳೆಯದು ಎಂಬುದಕ್ಕೆ ಎರಡು ಇಸವಿಗಳು ಸಾಕು. ರೇಡಿಯೊ ಎಂಬುದೇ ಇಲ್ಲದಿದ್ದಾಗ, 1885ರಲ್ಲಿ, ಬ್ರಿಟಿಷರು ಮಾಡಿದ ಟೆಲಿಗ್ರಾಫ್ ಕಾಯ್ದೆ ಸಂದೇಶ ರವಾನೆಯ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತು. 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯಂತೂ ಪರವಾನಗಿ ಇಲ್ಲದೆ ನಿಸ್ತಂತು ಸಲಕರಣೆ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. ಕೇಳುವ ರೇಡಿಯೊಗೂ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದ ಕಾಲ 1980ರ ದಶಕದವರೆಗೂ ಇತ್ತು. ಆ ಪುಟ್ಟ ಪುಸ್ತಕ, ಅದರೊಳಗಿನ ಸ್ಟಾಂಪು ಹಿರಿಯ ಓದುಗರಿಗೆ ನೆನಪಿರಬಹುದು.

ಮೈಸೂರಿನ ಕತೆ ಬೇರೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟ್‌ನ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಶುರು ಮಾಡಿದರು. ಅದೇ ಮುಂದೆ ಮೈಸೂರು ಸಂಸ್ಥಾನದ ಆಕಾಶವಾಣಿಯಾಗಿ ಬೆಳೆಯಿತು. ಇಂದು ನಮ್ಮ ಹಳ್ಳಿಯ ಬಾನುಲಿಗೆ ಸಿಗುವ ಶಕ್ತಿಗಿಂತ ಕಡಿಮೆ ಶಕ್ತಿಯಲ್ಲಿ, ಒಂದು ಮನೆಯ ಕೋಣೆಯಲ್ಲಿ, ಕನ್ನಡ ನಾಡಿನ ಪ್ರಸಾರದ ಚರಿತ್ರೆ ಆರಂಭವಾಯಿತು.

1995ರ ಫೆಬ್ರುವರಿ 9ರಂದು ಸುಪ್ರೀಂ ಕೋರ್ಟ್ ಬಂಗಾಳ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಪಂದ್ಯದ ಟಿವಿ ಪ್ರಸಾರದ ಜಗಳವಾಗಿ ಹುಟ್ಟಿದ ಆ ಪ್ರಕರಣ ಬಾನುಲಿಯ ದಿಕ್ಕನ್ನೇ ಬದಲಿಸಿತು. ಗಾಳಿಯಲೆಗಳು ಸಾರ್ವಜನಿಕರ ಸೊತ್ತು, ಅವುಗಳ ಬಳಕೆಯನ್ನು ಸಾರ್ವಜನಿಕ ಹಿತಕ್ಕಾಗಿ ಒಂದು ಪ್ರಾಧಿಕಾರ ನಿಯಂತ್ರಿಸಬೇಕು ಎಂಬುದು ತೀರ್ಪಿನ ಸಾರ. ಮೊದಲ ಮಾತನ್ನು ಬಾನುಲಿ ಹೋರಾಟಗಾರರು ಎತ್ತಿ ಹಿಡಿದರು, ಎರಡನೆಯದನ್ನು ಅಧಿಕಾರಿಗಳು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಸಮುದಾಯ ಮಾಧ್ಯಮದವರು ಹಳ್ಳಿಗೂ ಬಾನುಲಿ ಬೇಕೆಂದು ಘೋಷಣೆ ಹೊರಡಿಸಿದರು. ಸರ್ಕಾರ ಮೊದಲ ಹೆಜ್ಜೆ ಇಟ್ಟದ್ದು 2002ರ ಕೊನೆಗೆ, ಅದೂ ವಿದ್ಯಾಸಂಸ್ಥೆಗಳಿಗೆ ಮಾತ್ರ.

ಆ ಕಾಯುವಿಕೆಯ ವರ್ಷಗಳಲ್ಲಿ ಎರಡು ಊರುಗಳು ಎರಡು ದಾರಿ ಹಿಡಿದವು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಕಟ್ಟಿದವು. ಗಾಳಿಯಲ್ಲಿ ಬಿತ್ತರಿಸಲು ಅನುಮತಿ ಇಲ್ಲ. ಹಾಗಾಗಿ ಊರಿನ ಕೇಬಲ್ ತಂತಿಯಲ್ಲೇ ದನಿ ಹರಿಸಿದರು. ಹೆಂಗಸರು ರೆಕಾರ್ಡ್ ಮಾಡಿದ ಕಾರ್ಯಕ್ರಮ ತಂತಿಯ ಗುಂಟ ಮನೆಗಳಿಗೆ ಬಂತು. ಕರ್ನೂಲು ಜಿಲ್ಲೆಯ ಓರ್ವಕಲ್ಲಿನಲ್ಲಿ ಸ್ವಸಹಾಯ ಗುಂಪಿನ ಹೆಂಗಸರು ‘ಮನ ರೇಡಿಯೊ’ ಎಂದು ಹೆಸರಿಟ್ಟು, ಊರಿನ ಆಸುಪಾಸನ್ನು ದಾಟದಷ್ಟು ಸಣ್ಣ ಟ್ರಾನ್ಸ್‌ಮಿಟರಿನಲ್ಲಿ ನೇರವಾಗಿ ಗಾಳಿಗೇ ಮಾತು ಬಿಟ್ಟರು. ಕೆಲವೇ ತಿಂಗಳು. 2003ರ ಆರಂಭದಲ್ಲಿ ಅದನ್ನು ಮುಚ್ಚಿಸಲಾಯಿತು. ಆ ಪುಟ್ಟ ಪೆಟ್ಟಿಗೆಯಿಂದ ಯಾವ ಕೇಂದ್ರಕ್ಕೂ ಅಡ್ಡಿಯಾಗುವಂತಿರಲಿಲ್ಲ. ಅರ್ಜಿ ಹಾಕಲು ಅವರಿಗೆ ಒಂದು ಕಿಟಕಿಯಾದರೂ ಇರಲಿಲ್ಲ. ಬಾಗಿಲೇ ಇಡದೆ ಗೋಡೆ ಹಾರಿದವರನ್ನು ಹಿಡಿಯುವುದು ನ್ಯಾಯವೆನ್ನಿಸುವುದಿಲ್ಲ.

ಇನ್ನು ವ್ಯಾಟ್‌ನ ವಿಷಯ. ಇಲ್ಲಿ ನನ್ನ ಸಹಾನುಭೂತಿ ನಿಯಮದ ಕಡೆಗೆ ತಿರುಗುತ್ತದೆ.

ನಮ್ಮಲ್ಲಿ ಸಮುದಾಯ ಬಾನುಲಿಗೆ ಇರುವ ಮಿತಿ 100 ವ್ಯಾಟ್, ಆಂಟೆನಾದ ಎತ್ತರ ನೆಲದಿಂದ 30 ಮೀಟರ್ ಮೀರಬಾರದು. ಈ 100 ವ್ಯಾಟ್ ಎಂಬುದು ಪೆಟ್ಟಿಗೆಯ ಮೇಲೆ ಬರೆದ ಅಂಕಿಯಲ್ಲ. ಸಾಮಾನ್ಯವಾಗಿ ಕೇಂದ್ರದಲ್ಲಿರುವುದು 50 ವ್ಯಾಟ್‌ನ ಟ್ರಾನ್ಸ್‌ಮಿಟರ್. ಅಲ್ಲಿಂದ ಹೊರಟ ಶಕ್ತಿಯಲ್ಲಿ ಒಂದಿಷ್ಟು ಕೇಬಲ್‌ನಲ್ಲೇ ಕಳೆದುಹೋಗುತ್ತದೆ. ಉಳಿದದ್ದನ್ನು ಆಂಟೆನಾ ಆಕಾಶಕ್ಕೂ ನೆಲಕ್ಕೂ ಪೋಲಾಗಗೊಡದೆ ಅಡ್ಡಡ್ಡಲಾಗಿ ದಿಗಂತದ ಕಡೆ ತಿರುಗಿಸುತ್ತದೆ. ಹೀಗೆ ಕಳೆದು, ಕೂಡಿ, ಕೇಳುಗನ ದಿಕ್ಕಿಗೆ ಎಷ್ಟು ಬಲ ಹೊರಟಿತು ಎಂಬ ಲೆಕ್ಕವೇ ಆ 100. ಆದ್ದರಿಂದ ಟ್ರಾನ್ಸ್‌ಮಿಟರ್ ಮುಟ್ಟದೆಯೇ ಮಿತಿ ಮೀರಬಹುದು. ಒಂದು ಆಂಟೆನಾ ಇದ್ದಲ್ಲಿ ನಾಲ್ಕನ್ನು ಒಂದರ ಮೇಲೊಂದು ಕೂರಿಸಿದರೆ ಸಾಕು. ಇನ್ನು 300 ವ್ಯಾಟ್‌ನ ಪೆಟ್ಟಿಗೆ ತಂದು 50ಕ್ಕೆ ಇಳಿಸಿ ಇಟ್ಟುಕೊಂಡವರಿಗಂತೂ ಮೆನುವಿನಲ್ಲಿ ಎರಡು ಗುಂಡಿ ಒತ್ತುವಷ್ಟೇ ಕೆಲಸ.

ಇಷ್ಟು ಮಾಡಿದರೂ ಲಾಭ ಅಂದುಕೊಂಡಷ್ಟಿಲ್ಲ. ಶಕ್ತಿಯನ್ನು ನಾಲ್ಕು ಪಟ್ಟು ಏರಿಸಿದರೆ ದೂರದ ಊರಿನಲ್ಲಿ ಸಿಗುವ ಅಲೆಯ ಬಲ ಬರೀ ಎರಡು ಪಟ್ಟಾಗುತ್ತದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲಿ ಸಾಗುವುದರಿಂದ 30 ಮೀಟರ್ ಎತ್ತರದ ಆಂಟೆನಾದ ದಿಗಂತ ಸಪಾಟು ನೆಲದಲ್ಲಿ ಸುಮಾರು 22 ಕಿಲೋಮೀಟರಿಗೆ ಮುಗಿಯುತ್ತದೆ. ಅದರಾಚೆಗೆ ಕಾರ್ಯಕ್ರಮ ಚೆನ್ನಾಗಿ ಕೇಳಿಸುವುದಿಲ್ಲ. ಆದರೆ ಕೇಳಿಸದಷ್ಟು ಕ್ಷೀಣವಾದ ಅಲೆಯೂ ಇನ್ನೊಬ್ಬರ ಪ್ರಸಾರವನ್ನು ಕೆಡಿಸಬಲ್ಲದು. ತನ್ನ ದನಿ ತಲುಪದ ಜಾಗಕ್ಕೂ ಕೇಂದ್ರದ ಉಪದ್ರವ ತಲುಪುತ್ತದೆ.

ಕರ್ನಾಟಕದ್ದೇ ಉದಾಹರಣೆ ತೆಗೆದುಕೊಳ್ಳೋಣ. ಬೂದಿಕೋಟೆಯ ನಮ್ಮ ಧ್ವನಿಗೆ ಆಮೇಲೆ ಪರವಾನಗಿ ಸಿಕ್ಕಿತು. ಅದು ಬಿತ್ತರಗೊಳ್ಳುವುದು 90.4 ಮೆಗಾಹರ್ಟ್ಸ್‌ನಲ್ಲಿ. ಬೆಂಗಳೂರಿನ ರೇಡಿಯೊ ಆ್ಯಕ್ಟಿವ್ ಇರುವುದೂ 90.4ರಲ್ಲೇ. ನಡುವೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ದೂರ. ಸಮುದಾಯ ಬಾನುಲಿಗೆ ಬಿಟ್ಟುಕೊಟ್ಟಿರುವ ಜಾಗ ಕಿರಿದು, 90.4, 90.8, 107.8 ಹೀಗೆ ಬೆರಳೆಣಿಕೆಯ ಸ್ಥಾನಗಳನ್ನೇ ದೇಶದ ಸುಮಾರು ಐನೂರು ಕೇಂದ್ರಗಳು ಊರಿಂದ ಊರಿಗೆ ಹಂಚಿಕೊಂಡಿವೆ. ಒಂದೇ ಸ್ಥಾನದಲ್ಲಿ ಎರಡು ಕೇಂದ್ರಗಳು ನೆಮ್ಮದಿಯಾಗಿ ಬಾಳುತ್ತಿರುವುದಕ್ಕೆ ಕಾರಣ 100 ವ್ಯಾಟ್‌ನ ಮಿತಿಯೇ. ಇಂಥ ಜೋಡಿಯಲ್ಲಿ ಒಂದು ಕೇಂದ್ರ ಶಕ್ತಿ ಏರಿಸಿತು ಅಂದುಕೊಳ್ಳಿ. ಎಫ್‌ಎಂ ರೇಡಿಯೊದ ಸ್ವಭಾವವೆಂದರೆ, ಒಂದೇ ಜಾಗದಲ್ಲಿ ಎರಡು ಅಲೆ ಬಂದರೆ ಬಲವಾದದ್ದನ್ನು ಹಿಡಿದು ಸೊರಗಿದ್ದನ್ನು ಪೂರ್ತಿ ಕೈಬಿಡುತ್ತದೆ. ಎರಡೂ ಕಲಸಿ ಕೇಳಿಸಿದರೆ ಕೇಳುಗ ದೂರಾದರೂ ಕೊಟ್ಟಾನು. ಇಲ್ಲಿ ತನ್ನೂರಿನ ಕೇಂದ್ರ ಸದ್ದಿಲ್ಲದೆ ಮಾಯವಾಗಿ ಅದೇ ಜಾಗದಲ್ಲಿ ಬೇರೆ ಊರಿನ ಹಾಡು ಬರುತ್ತದೆ. ನಾಲೆಯ ಮೇಲ್ಭಾಗದಲ್ಲಿ ಪಂಪ್‌ಸೆಟ್ ಹಾಕಿ ನೀರೆಳೆದರೆ ಕೊನೆಯಂಚಿನ ರೈತನ ಗದ್ದೆ ಒಣಗುವುದು ನಮಗೆ ಗೊತ್ತಿರುವ ಸಂಗತಿ. ವ್ಯಾಟ್‌ನ ಕಳವಿನಲ್ಲೂ ಪೆಟ್ಟು ತಿನ್ನುವುದು ಅಂಚಿನ ಹಳ್ಳಿಯೇ.

ಇದಕ್ಕಿಂತ ಗಂಭೀರವಾದದ್ದು ವಿಮಾನಗಳ ವಿಷಯ. ಎಫ್‌ಎಂ ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅಲ್ಲಿಂದಾಚೆಗೇ ವಿಮಾನಗಳ ಸೀಮೆ. 108ರಿಂದ 112ರವರೆಗೆ ಇಳಿಯುವ ವಿಮಾನಕ್ಕೆ ರನ್‌ವೇಯ ನಡುಗೆರೆ ತೋರಿಸುವ ಸಂಕೇತಗಳು, 118ರಿಂದ ಮೇಲೆ ಪೈಲಟ್ ಮತ್ತು ನಿಯಂತ್ರಣ ಗೋಪುರದ ಮಾತುಕತೆ. ಎರಡು ಎಫ್‌ಎಂ ಪ್ರಸಾರಗಳು ಹತ್ತಿರ ಹತ್ತಿರವಿದ್ದು ಒಂದರ ಶಕ್ತಿ ಮತ್ತೊಂದರ ಟ್ರಾನ್ಸ್‌ಮಿಟರಿನೊಳಗೆ ನುಗ್ಗಿದರೆ ಮೂರನೆಯದೊಂದು ಅಲೆ ಹುಟ್ಟುತ್ತದೆ. ಒಂದು ಕೇಂದ್ರ 106.4ರಲ್ಲಿ, ಇನ್ನೊಂದು 103.2ರಲ್ಲಿ ಇದೆ ಎನ್ನಿ. ಮೊದಲನೆಯದನ್ನು ಇಮ್ಮಡಿಸಿ ಎರಡನೆಯದನ್ನು ಕಳೆಯಿರಿ: 212.8ರಿಂದ 103.2 ಹೋದರೆ 109.6. ಅದು ನೇರವಾಗಿ ರನ್‌ವೇ ಸಂಕೇತದ ಸೀಮೆಯೊಳಗೆ ಬಿತ್ತು. ಒಳ್ಳೆಯ ಟ್ರಾನ್ಸ್‌ಮಿಟರಿನಲ್ಲಿ ಇಂಥವನ್ನು ತಡೆಯುವ ಫಿಲ್ಟರ್ ಇರುತ್ತದೆ. ಅಗ್ಗದ ಪೆಟ್ಟಿಗೆಯಲ್ಲಿ ಮೊದಲು ಬಿಟ್ಟುಬಿಡುವುದೇ ಆ ಭಾಗವನ್ನು. ಶಕ್ತಿ ಏರಿದಷ್ಟೂ ಈ ಕಸವೂ ಏರುತ್ತದೆ. ಹಳ್ಳಿಯವರ ಉತ್ಸಾಹ, ಮಾತಾಡುವ ಹಕ್ಕು ಯಾವುದೂ ಇಲ್ಲಿ ಉತ್ತರವಾಗದು. ಫಿಲ್ಟರ್ ಹಾಕಲೇಬೇಕು, ಶಕ್ತಿ ಇಳಿಸಲೇಬೇಕು.

ತಪ್ಪು ಎಲ್ಲಿದೆ ಎಂದು ಪತ್ತೆ ಹಚ್ಚುವುದು ಹೇಗೆ? ದೇಶದಲ್ಲಿ ಇದಕ್ಕೆಂದೇ 1952ರಿಂದ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಷನ್ ಇದೆ. ಒಂದು ಸ್ಥಳದಲ್ಲಿ ನಿಂತು ಅಲೆ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಆಂಟೆನಾ ತಿರುಗಿಸಿ ನೋಡಿದರೆ ನಕ್ಷೆಯ ಮೇಲೆ ಒಂದು ಗೆರೆ ಸಿಗುತ್ತದೆ. ಇನ್ನೂ ಒಂದೆರಡು ಕಡೆಯಿಂದ ಹೀಗೇ ಗೆರೆ ಎಳೆದರೆ ಅವು ಕೂಡುವ ಜಾಗವೇ ಕೇಂದ್ರ. ಕೊನೆಯ ಕಿಲೋಮೀಟರಿನಲ್ಲಿ ವ್ಯಾನ್ ಬಿಟ್ಟು ಕೈಯಲ್ಲಿ ಹಿಡಿಯುವ ಆಂಟೆನಾದೊಂದಿಗೆ ಬೀದಿ ಬೀದಿ ನಡೆಯುತ್ತಾರೆ. ಪರವಾನಗಿ ಇಲ್ಲದ ಕೇಂದ್ರವಾದರೆ ಅಲ್ಲಿಗೆ ಕೆಲಸ ಮುಗಿಯಿತು. ಪರವಾನಗಿ ಇದ್ದೂ ಶಕ್ತಿ ಮೀರಿದ ಕೇಂದ್ರವಾದರೆ ಅಸಲು ಕೆಲಸ ಅಲ್ಲಿಂದಲೇ ಶುರು. ದೂರದ ಅಳತೆ ಮರ, ಕಟ್ಟಡಕ್ಕೆ ತಕ್ಕಂತೆ ಏರಿಳಿಯುತ್ತದೆ. ಟ್ರಾನ್ಸ್‌ಮಿಟರ್ ಕೋಣೆಗೆ ಹೋಗಿ, ಹೊರಬರುವ ಶಕ್ತಿಯನ್ನು ಮೀಟರಿನಲ್ಲಿ ಓದಿ, ಕೇಬಲ್‌ನ ಉದ್ದ, ಆಂಟೆನಾಗಳ ಎಣಿಕೆ, ಕಂಬದ ಎತ್ತರ ಎಲ್ಲ ಬರೆದುಕೊಂಡರೆ ಮಾತ್ರ ಖಚಿತವಾದ ಮಾತು ಹೇಳಲು ಸಾಧ್ಯ. ತಾಳ್ಮೆ ಬೇಡುವ ಕೆಲಸ ಇದು, ಪೊಲೀಸರನ್ನು ಕರೆದುಕೊಂಡು ಹೋಗಿ ಪೆಟ್ಟಿಗೆ ಹೊತ್ತು ತರುವಷ್ಟು ಸುಲಭವಲ್ಲ.

ಪರವಾನಗಿ ತಡವಾದರೆ ಏನಾಗುತ್ತದೆ ಎಂಬುದನ್ನು ಥಾಯ್ಲೆಂಡ್‌ನಲ್ಲಿ ನೋಡಬೇಕು. ಅಲ್ಲಿನ 1997ರ ಸಂವಿಧಾನ ತರಂಗಾಂತರಗಳನ್ನು ಸಾರ್ವಜನಿಕ ಹಿತದ ಸಂಪನ್ಮೂಲ ಎಂದಿತು. 2000ದ ಕಾನೂನು ಐದರಲ್ಲೊಂದು ಪಾಲು ಜನಸಮುದಾಯಕ್ಕೆ ಮೀಸಲೆಂದಿತು. ಹಂಚಬೇಕಾದ ಆಯೋಗ ಮಾತ್ರ ಆಯ್ಕೆಯ ತಕರಾರಿನಲ್ಲಿ ಸಿಕ್ಕಿಕೊಂಡು ಹುಟ್ಟಲೇ ಇಲ್ಲ. ಜನ ಕಾಯಲಿಲ್ಲ. 2001ರ ಕೊನೆಯಿಂದ ಹಳ್ಳಿಗಳಲ್ಲಿ ಕೇಂದ್ರಗಳು ಎದ್ದವು. ಸರ್ಕಾರ ತಾತ್ಕಾಲಿಕವಾಗಿ ಒಂದು ಸೂತ್ರ ಹಾಕಿತು: 30 ವ್ಯಾಟ್, 30 ಮೀಟರ್ ಕಂಬ, 15 ಕಿಲೋಮೀಟರ್ ವ್ಯಾಪ್ತಿ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತೇನೋ. ಆದರೆ 2004ರ ಕೊನೆಗೆ ಗಂಟೆಗೆ ಆರು ನಿಮಿಷ ಜಾಹೀರಾತಿಗೆ ಒಪ್ಪಿಗೆ ಸಿಕ್ಕಿತು. ಜಾಹೀರಾತು ಬಂತೆಂದರೆ ಹೆಚ್ಚು ಕೇಳುಗರು ಬೇಕು, ಹೆಚ್ಚು ಕೇಳುಗರಿಗೆ ಹೆಚ್ಚು ವ್ಯಾಟ್ ಬೇಕು. ಸಮುದಾಯದ ಹೆಸರಿನಲ್ಲಿ ವ್ಯಾಪಾರಿ ಕೇಂದ್ರಗಳು ಸಾವಿರಾರು ಹುಟ್ಟಿ, ಒಂದನ್ನೊಂದು ಮುಳುಗಿಸಲು ಶಕ್ತಿ ಏರಿಸುತ್ತಾ ಹೋದವು. 30 ವ್ಯಾಟ್‌ನಲ್ಲಿ ನಿಷ್ಠೆಯಿಂದ ಉಳಿದ ಹಳ್ಳಿಯ ಕೇಂದ್ರಗಳ ದನಿ ಮೊದಲು ಅಡಗಿತು. ವಿಮಾನ ಸಂಚಾರ ನಿಯಂತ್ರಕರಿಂದಲೂ ದೂರುಗಳು ಬಂದವು.

2005ರಲ್ಲಿ ದಾಳಿ ಆರಂಭವಾಯಿತು. ಆಗ ಕ್ರಮಕ್ಕೆ ಗುರಿಯಾದವುಗಳಲ್ಲಿ ಬ್ಯಾಂಕಾಕ್‌ನ ಎಫ್‌ಎಂ 92.25 ಒಂದು. ಪ್ರಧಾನಿ ಥಕ್ಸಿನ್ ಅವರನ್ನು ಕಟುವಾಗಿ ಟೀಕಿಸುತ್ತಿದ್ದ ಕೇಂದ್ರ ಅದು. ಕೊಟ್ಟ ಕಾರಣ ತಾಂತ್ರಿಕವಾದದ್ದು. ಕಾರಣ ನಿಜವೇ ಇದ್ದರೂ ಜನ ನಂಬುವುದು ಹೇಗೆ? ಮಿತಿ ಮೀರಿದವರು ಸಾವಿರಾರು ಮಂದಿ ಇರುವಲ್ಲಿ ಯಾರನ್ನು ಹಿಡಿದರೂ ತಾಂತ್ರಿಕ ಕಾರಣ ಸಿಕ್ಕೇ ಸಿಗುತ್ತದೆ. ಎಲ್ಲರನ್ನೂ ತಪ್ಪಿತಸ್ಥರನ್ನಾಗಿ ಇಟ್ಟು ಬೇಕಾದಾಗ ಬೇಕಾದವರನ್ನು ಹಿಡಿಯುವ ಈ ಸ್ಥಿತಿಯೇ ಸಮುದಾಯ ಬಾನುಲಿಗೆ ಅತಿ ದೊಡ್ಡ ಅಪಾಯ ಎಂದು ನಾನು ನಂಬಿದ್ದೇನೆ. ಕೊನೆಗೂ ಆಯೋಗ ರಚನೆಯಾದದ್ದು 2011ರಲ್ಲಿ. ಅಷ್ಟರಲ್ಲಿ 30 ವ್ಯಾಟ್‌ಗೆ ಹಿಂದಿರುಗುವುದು ಅಸಾಧ್ಯವಾಗಿತ್ತು. ಪ್ರಾಯೋಗಿಕ ಪ್ರಸಾರಕ್ಕೆ 500 ವ್ಯಾಟ್, 60 ಮೀಟರ್, 20 ಕಿಲೋಮೀಟರ್ ಎಂಬ ಹೊಸ ಮಿತಿ ಬಂತು. ನಿಯಮ ಪಾಲಿಸದವರಿಗೆ ಸಿಕ್ಕ ಬಹುಮಾನದಂತಿತ್ತು ಅದು. 2014ರ ಮೇ ತಿಂಗಳ ಸೇನಾ ಕ್ರಾಂತಿಯ ಬಳಿಕ ಈ ಕೇಂದ್ರಗಳೆಲ್ಲ ಬಾಯಿ ಮುಚ್ಚಬೇಕಾಯಿತು. ಮತ್ತೆ ತೆರೆಯಲು ಸೇನೆಯ ಷರತ್ತುಗಳಿಗೆ ಸಹಿ ಹಾಕಬೇಕಿತ್ತು.

ಅಮೆರಿಕದ ದಾರಿ ಮತ್ತೊಂದು ಬಗೆಯದು. 1993ರಲ್ಲಿ ಬರ್ಕ್ಲಿಯಲ್ಲಿ ಸ್ಟೀಫನ್ ಡುನಿಫರ್ ಎಂಬಾತ ‘ಫ್ರೀ ರೇಡಿಯೊ ಬರ್ಕ್ಲಿ’ ಶುರು ಮಾಡಿ, ಸಂವಹನ ಆಯೋಗದೊಡನೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸೆಣಸಿ, 1998ರಲ್ಲಿ ಪ್ರಸಾರ ನಿಲ್ಲಿಸುವ ಆದೇಶಕ್ಕೆ ಗುರಿಯಾದ. ಎರಡೇ ವರ್ಷದಲ್ಲಿ ಅದೇ ಆಯೋಗ ಸಣ್ಣ ಶಕ್ತಿಯ ಎಫ್‌ಎಂ ಎಂಬ ಹೊಸ ವರ್ಗವನ್ನು ತೆರೆಯಿತು. ಮಿತಿ ನಮ್ಮದೇ, 100 ವ್ಯಾಟ್. ದೊಡ್ಡ ಕೇಂದ್ರಗಳು ತಮಗೆ ಅಡ್ಡಿಯಾಗುತ್ತದೆಂದು ಸಂಸತ್ತಿನ ಮೂಲಕ ಅದನ್ನು ಬಿಗಿ ಮಾಡಿಸಿದವು. 2003ರಲ್ಲಿ ಮೈಟರ್ ಸಂಸ್ಥೆಯ ಅಧ್ಯಯನ ಆ ಭಯಕ್ಕೆ ಹೇಳಿಕೊಳ್ಳುವಂಥ ಆಧಾರವಿಲ್ಲ ಎಂದಿತು. ಆದರೂ ಬಿಗಿ ಸಡಿಲವಾಗಲು 2011ರವರೆಗೆ ಕಾಯಬೇಕಾಯಿತು. ಹಿಂದೆ ಪರವಾನಗಿ ಇಲ್ಲದೆ ಪ್ರಸಾರ ಮಾಡಿದವರಿಗೆ ಹೊಸ ಪರವಾನಗಿ ಇಲ್ಲ ಎಂಬ ಷರತ್ತನ್ನೂ 2000ದ ಕಾನೂನಿನಲ್ಲಿ ಸೇರಿಸಿದ್ದರು. ಈ ಕೆಲಸದಲ್ಲಿ ಪಳಗಿದವರನ್ನೇ ಹೊರಗಿಟ್ಟಂತಾಯಿತು. 2020ರ ಜನವರಿಯಲ್ಲಿ ಬಂದ ಪೈರೇಟ್ ಕಾಯ್ದೆಯಲ್ಲಿ ದಂಡ ದಿನಕ್ಕೆ 1 ಲಕ್ಷ ಡಾಲರ್ ತನಕ, ಒಟ್ಟು 20 ಲಕ್ಷ ಡಾಲರ್ ತನಕ ಏರಿದೆ. ಗೊತ್ತಿದ್ದೂ ಜಾಗ ಕೊಟ್ಟ ಕಟ್ಟಡದ ಮಾಲೀಕನೂ ಹೊಣೆಗಾರ.

ನಮ್ಮಲ್ಲೂ ದಂಡದ ಅಂಕಿ ಬೆಳೆದಿದೆ. 1933ರ ಕಾಯ್ದೆಯಡಿ ಅಕ್ರಮ ಟ್ರಾನ್ಸ್‌ಮಿಟರ್ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಇತ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನುಮತಿಯಿಲ್ಲದೆ ದೂರಸಂಪರ್ಕ ಜಾಲ ನಡೆಸಿದರೆ ಮೂರು ವರ್ಷದವರೆಗೆ ಸೆರೆ, 2 ಕೋಟಿ ರೂಪಾಯಿವರೆಗೆ ದಂಡ. ಕಾಗದದ ದಾರಿಯೂ ಹಗುರಾಗಿಲ್ಲ. ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಪರಿಶೀಲನೆ, ಇತರ ಸಚಿವಾಲಯಗಳ ಒಪ್ಪಿಗೆ, ಆಂಟೆನಾ ಜಾಗಕ್ಕೆ ಪ್ರತ್ಯೇಕ ಮಂಜೂರಾತಿ, ತರಂಗಾಂತರ ಹಂಚಿಕೆ, ಒಪ್ಪಂದ, ಆಮೇಲೆ ನಿರ್ವಹಣಾ ಲೈಸೆನ್ಸ್. 2012ರಲ್ಲಿ ವಾರ್ಷಿಕ ತರಂಗಾಂತರ ಶುಲ್ಕವನ್ನು 19,700 ರೂಪಾಯಿಯಿಂದ 91,000ಕ್ಕೆ ಏರಿಸಿ, ಕೇಂದ್ರಗಳು ಪ್ರತಿಭಟಿಸಿದ ಮೇಲೆ ಹಿಂತೆಗೆದುಕೊಂಡದ್ದೂ ಉಂಟು. ಕಾರ್ಯಕ್ರಮಗಳ ಧ್ವನಿಮುದ್ರಣವನ್ನು ಮೂರು ತಿಂಗಳು ಕಾಪಿಡಬೇಕು, ಸ್ವಂತ ಸುದ್ದಿ ಬಿತ್ತರಿಸಬಾರದು ಎಂಬ ನಿಯಮಗಳ ಮೇಲೆ ಇಟ್ಟಷ್ಟೇ ಕಣ್ಣನ್ನು ಟ್ರಾನ್ಸ್‌ಮಿಟರಿನ ಮೀಟರಿನ ಮೇಲೂ ಇಡಬೇಕೆಂದು ನನ್ನ ಕೋರಿಕೆ. ಊರಿನ ಕೆರೆಯ ಹೂಳಿನ ಬಗ್ಗೆ ಕೇಂದ್ರವೊಂದು ಸುದ್ದಿ ಹೇಳಿದರೆ ಪಕ್ಕದೂರಿನ ಬಾನುಲಿಗೆ ಏನೂ ಆಗದು. ಅದೇ ಕೇಂದ್ರ 100ರ ಬದಲು 400 ವ್ಯಾಟ್ ಬಿಟ್ಟರೆ ಆಗುತ್ತದೆ.

ವರ್ಷಕ್ಕೊಮ್ಮೆ ಮಾನಿಟರಿಂಗ್ ಇಲಾಖೆಯ ತಂತ್ರಜ್ಞರೊಬ್ಬರು ಪ್ರತಿ ಕೇಂದ್ರಕ್ಕೂ ಹೋಗಿ ಶಕ್ತಿ, ಫಿಲ್ಟರ್, ಕಂಬ ಅಳೆದು ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬಹುದು. ಮೊದಲ ಸಲ ತಪ್ಪು ಕಂಡರೆ ಸರಿಪಡಿಸಲು ಗಡುವು, ಎರಡನೆಯ ಸಲಕ್ಕೆ ದಂಡ, ವಿಮಾನದ ಸೀಮೆಗೆ ಅಡ್ಡಿಯಾಗುತ್ತಿದ್ದರೆ ಮಾತ್ರ ತಕ್ಷಣ ಬಂದ್. ಪರವಾನಗಿ ಇಲ್ಲದ ಸಣ್ಣ ಕೇಂದ್ರ ಕಂಡರೆ ಪ್ರಸಾರ ನಿಲ್ಲಿಸಿ, ಅವರನ್ನು ಹತ್ತಿರದ ಕೇಂದ್ರದೊಡನೆ ಸೇರಿಸುವ ಅಥವಾ ಸಂಸ್ಥೆಯಾಗಿ ನೋಂದಾಯಿಸಿಕೊಂಡು ಅರ್ಜಿ ಹಾಕಿಸುವ ಹೊಣೆಯನ್ನು ಅದೇ ಇಲಾಖೆ ಹೊರಲಿ.

ಮಲೆನಾಡು, ಕೊಡಗಿನ ಮಾತು ಬೇರೆ. ಅಲ್ಲಿ ಗುಡ್ಡ ಅಡ್ಡ ಬಂದರೆ 100 ವ್ಯಾಟ್ ಮೂರ್ನಾಲ್ಕು ಕಿಲೋಮೀಟರಿಗೇ ನಿಂತುಬಿಡಬಹುದು. ಗುಡ್ಡದಾಚೆಯ ಕೇಳುಗರಿಗಾಗಿ ಶಕ್ತಿ ಏರಿಸೋಣ ಎಂಬ ಆಸೆ ಸಹಜ. 2006ರ ನೀತಿಯಲ್ಲೇ ಇದಕ್ಕೆ ದಾರಿ ಇಟ್ಟಿದ್ದಾರೆ. ಭೂಪ್ರದೇಶದ ಸ್ವರೂಪದಿಂದ ಹೆಚ್ಚಿನ ಶಕ್ತಿ ಬೇಕೆಂದು ತೋರಿಸಿಕೊಟ್ಟರೆ, ತರಂಗಾಂತರ ಲಭ್ಯವಿದ್ದರೆ, 250 ವ್ಯಾಟ್‌ವರೆಗೆ ಕೊಡಬಹುದು. ಹೀಗೆ ತೋರಿಸಿಕೊಡಲು ಗುಡ್ಡದ ಎರಡೂ ಬದಿಯಲ್ಲಿ ಅಲೆಯ ಬಲ ಅಳೆದ ನಕ್ಷೆ ಬೇಕು. ಕಾಫಿ ತೋಟದ ಊರಿನ ಸಣ್ಣ ಕೇಂದ್ರಕ್ಕೆ ಅಂಥ ಅಳತೆ ಮಾಡಿಸುವಷ್ಟು ದುಡ್ಡಾಗಲಿ ಸಲಕರಣೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಸಲಕರಣೆ ಇರುವುದು ಮಾನಿಟರಿಂಗ್ ವ್ಯಾನಿನಲ್ಲಿ. ತಪ್ಪು ಹಿಡಿಯಲು ಬೆಟ್ಟ ಹತ್ತುವ ವ್ಯಾನೇ ಈ ನಕ್ಷೆಯನ್ನೂ ಮಾಡಿಕೊಟ್ಟು ಅರ್ಜಿಗೆ ಲಗತ್ತಿಸಲಿ.